ಕಡಿಮೆ ಆದಾಯಕ್ಕೆ ಹೊಂದುವ ಬಾಡಿಗೆ ಮನೆ: ಲೆಕ್ಕದಿಂದ ಕೀಲಿಕೈವರೆಗೆ

ಬಾಡಿಗೆ ಕಡಿಮೆ ಇರುವ ಮನೆ ಬೇರೆ, ಕಡಿಮೆ ಖರ್ಚಿನಲ್ಲಿ ಬದುಕಬಹುದಾದ ಮನೆ ಬೇರೆ. ಇವೆರಡನ್ನೂ ಒಂದೇ ಎಂದುಕೊಂಡಾಗಲೇ ಬಡ ಕುಟುಂಬಕ್ಕೆ ಹೆಚ್ಚು ಪೆಟ್ಟು ಬೀಳುವುದು. ಬಾಡಿಗೆ ಅಗ್ಗವೆಂದು ಊರಾಚೆಗೆ ಹೋಗಿ ಸೇರಿದವರು ಉಳಿಸಿದ್ದನ್ನೆಲ್ಲ ಬಸ್ಸಿಗೆ ಸುರಿಯುತ್ತಾರೆ. ಮುಂಗಡಕ್ಕೆಂದು ಕೈಸಾಲ ಮಾಡಿದವರು ಮನೆ ಬಿಟ್ಟ ಮೇಲೂ ಬಡ್ಡಿ ಕಟ್ಟುತ್ತಿರುತ್ತಾರೆ. ಹಾಗಾಗಿ ಮನೆ ನೋಡಲು ಹೊರಡುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂತು ಲೆಕ್ಕ ಬರೆಯಿರಿ.

ಎಷ್ಟು ಬಾಡಿಗೆ ತಡೆದೀತು?

ಆದಾಯದಲ್ಲಿ ಶೇ. 30ರಷ್ಟನ್ನು ಬಾಡಿಗೆಗೆ ಕೊಡಬಹುದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದರ ಮೂಲ ಅಮೆರಿಕದ ಸರ್ಕಾರಿ ವಸತಿಯ ನಿಯಮಗಳಲ್ಲಿದೆ. 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ, ಅಂಥ ಮನೆಗಳ ಬಾಡಿಗೆ ಕುಟುಂಬದ ಆದಾಯದ ಶೇ. 25 ಮೀರಬಾರದು ಎಂದಿತು. 1981ರಲ್ಲಿ ಆ ಮಿತಿ ಶೇ. 30ಕ್ಕೆ ಏರಿತು. ಅದು ಸರ್ಕಾರ ಎಷ್ಟು ವಸೂಲಿ ಮಾಡಬಹುದು ಎಂಬುದಕ್ಕೆ ಹಾಕಿದ ಗೆರೆ. ಆದಾಯ ತೀರ ಕಡಿಮೆ ಇದ್ದಾಗ ಮಿಕ್ಕ 70ರಲ್ಲಿ ಹೊಟ್ಟೆ, ಔಷಧಿ, ಶಾಲೆ ಎಲ್ಲವೂ ಸಾಗೀತು ಎಂಬ ಖಾತರಿ ಅದರಲ್ಲಿಲ್ಲ.

ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿ. ಮೊದಲು ಊಟ, ಔಷಧಿ, ಮಕ್ಕಳ ಓದು, ಈಗಾಗಲೇ ಇರುವ ಸಾಲದ ಕಂತು, ಕೈ ಬರಿದಾದ ತಿಂಗಳಿಗೆಂದು ಎತ್ತಿಡುವ ಒಂದಿಷ್ಟು, ಇವನ್ನು ಬರೆದು ಕಳೆಯಿರಿ. ಉಳಿದದ್ದು ಮನೆಯ ಪಾಲು. ಬಾಡಿಗೆ, ಕರೆಂಟು, ನೀರು, ಅಡುಗೆ ಇಂಧನ, ಕೆಲಸ ಮತ್ತು ಶಾಲೆಗೆ ಓಡಾಟ, ನಿರ್ವಹಣೆ ಶುಲ್ಕ ಎಲ್ಲವೂ ಇದರೊಳಗೇ ಆಗಬೇಕು. ದಿನಗೂಲಿ ಅಥವಾ ಏರಿಳಿತದ ದುಡಿಮೆಯಾದರೆ ಸರಾಸರಿ ಆದಾಯ ಹಿಡಿಯಬೇಡಿ. ಕಳೆದ ಆರು ತಿಂಗಳಲ್ಲಿ ಅತಿ ಕಡಿಮೆ ಬಂದ ಎರಡು ತಿಂಗಳು ಯಾವುವೋ ಅವುಗಳ ಸರಾಸರಿಯೇ ನಿಮ್ಮ ಆದಾಯ. ಬಾಡಿಗೆ ತಪ್ಪುವುದು ಆ ತಿಂಗಳುಗಳಲ್ಲೇ.

ಈಗ ಎರಡು ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ತಿಂಗಳ ಆದಾಯ 100 ಪಾಲು ಎಂದುಕೊಳ್ಳಿ. ದೂರದ ಮನೆಗೆ ಬಾಡಿಗೆ 22, ದುಡಿಯುವ ಇಬ್ಬರ ಓಡಾಟಕ್ಕೆ 14, ಕೊಂಡು ತರುವ ನೀರಿಗೆ 3, ಮಾಲೀಕರು ಹೇಳಿದ ದರದಲ್ಲಿ ಕರೆಂಟಿಗೆ 5, ಒಟ್ಟು 44. ಹತ್ತಿರದ ಮನೆಗೆ ಬಾಡಿಗೆ 30, ಓಡಾಟ 3, ನೀರು ಬಾಡಿಗೆಯಲ್ಲೇ ಸೇರಿದೆ, ಸ್ವಂತ ಮೀಟರಿನ ಕರೆಂಟು 3, ಒಟ್ಟು 36. ಬಾಡಿಗೆ ಎಂಟು ಪಾಲು ಹೆಚ್ಚಾದರೂ ಕೈಯಲ್ಲಿ ಎಂಟು ಪಾಲು ಹೆಚ್ಚು ಉಳಿಯಿತು. ಇದರ ಜೊತೆಗೆ ಸಮಯವನ್ನೂ ಎಣಿಸಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದರೆ 26 ದಿನಗಳಲ್ಲಿ 78 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಅದು ಹೆಚ್ಚುಕಡಿಮೆ ಹತ್ತು ದಿನದ ಕೆಲಸ.

ಮುಂಗಡವನ್ನೂ ಬಾಡಿಗೆಗೆ ಸೇರಿಸಿ ಎಣಿಸಬೇಕು. ಬಾಡಿಗೆ 28, ಮುಂಗಡ ಆರು ತಿಂಗಳದ್ದು ಎಂದರೆ 168. ಅದನ್ನು ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಗೆ ತಂದರೆ ಬಡ್ಡಿಯೇ ಐದು ಪಾಲು. ಅಂದರೆ ಆ ಮನೆಯ ನಿಜವಾದ ಬಾಡಿಗೆ 33. ಬಾಡಿಗೆ 31 ಇದ್ದು ಮುಂಗಡ ಒಂದೇ ತಿಂಗಳದ್ದಾದರೆ, ಅದನ್ನೂ ಅದೇ ಬಡ್ಡಿಗೆ ತಂದರೂ 32ರೊಳಗೆ ಮುಗಿಯುತ್ತದೆ. ಮುಂಗಡಕ್ಕೆ ಕಾನೂನಿನ ಮಿತಿ ಇದೆಯೇ ಎಂದು ವಿಚಾರಿಸಿಕೊಳ್ಳಿ. ಜರ್ಮನಿಯಲ್ಲಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಇಂಗ್ಲೆಂಡಿನಲ್ಲಿ 2019ರ ಕಾಯ್ದೆಯ ಪ್ರಕಾರ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಯೇ ಮಿತಿ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಎನ್ನುತ್ತದೆ, ಆದರೆ ಅದು ಅನ್ವಯಿಸುವುದು ಒಪ್ಪಿಕೊಂಡ ರಾಜ್ಯಗಳಲ್ಲಿ ಮಾತ್ರ.

ಇನ್ನೊಂದು ಲೆಕ್ಕ ವರ್ಷ ವರ್ಷದ ಏರಿಕೆಯದು. ಬಾಡಿಗೆ 30 ಇದ್ದು ವರ್ಷಕ್ಕೆ ಶೇ. 10 ಏರಿದರೆ ನಾಲ್ಕನೆಯ ವರ್ಷ ನೀವು ಕೊಡುವುದು ಸುಮಾರು 40. ಶೇ. 5 ಏರಿದರೆ 34.7. ಕೂಲಿ ಅಷ್ಟೇ ವೇಗದಲ್ಲಿ ಏರದಿದ್ದರೆ ಮತ್ತೆ ಮೂಟೆ ಕಟ್ಟಬೇಕಾಗುತ್ತದೆ. ಮನೆ ಬದಲಾವಣೆಯೂ ಪುಕ್ಕಟೆಯಲ್ಲ: ಸಾಮಾನು ಸಾಗಣೆ, ದಲ್ಲಾಳಿ ಹಣ, ಹೊಸ ಮುಂಗಡ, ಕಳೆದುಕೊಂಡ ಕೆಲಸದ ದಿನಗಳು.

ಕಾಗದಗಳು ಮೊದಲೇ ಸಿದ್ಧವಿರಲಿ

ಅಗ್ಗದ ಒಳ್ಳೆ ಮನೆ ಒಂದೆರಡು ದಿನದಲ್ಲೇ ಹೋಗಿಬಿಡುತ್ತದೆ. ಮನೆ ಒಪ್ಪಿಗೆಯಾದ ಮೇಲೆ ಜೆರಾಕ್ಸ್ ಅಂಗಡಿಗೆ ಓಡಿದರೆ ಅಷ್ಟರಲ್ಲಿ ಇನ್ನೊಬ್ಬರು ಮುಂಗಡ ಕೊಟ್ಟಿರುತ್ತಾರೆ. ವಯಸ್ಕರೆಲ್ಲರ ಗುರುತಿನ ಚೀಟಿ, ಮೂರು ತಿಂಗಳ ಸಂಬಳದ ಚೀಟಿ ಅಥವಾ ಕೆಲಸ ಕೊಟ್ಟವರ ಸಹಿಯ ಪತ್ರ, ಹಳೆಯ ಮನೆಯ ಬಾಡಿಗೆ ರಸೀದಿಗಳು, ಫೋಟೋ, ಇವುಗಳ ಐದು ಪ್ರತಿ ಒಂದು ಕವರಿನಲ್ಲಿರಲಿ. ಸಂಬಳದ ಚೀಟಿ ಇಲ್ಲದವರು ಆರು ತಿಂಗಳ ಬ್ಯಾಂಕ್ ಅಥವಾ ಮೊಬೈಲ್ ಪಾವತಿಯ ವಿವರ ತೆಗೆಸಿ. ಹಿಂದಿನ ಮಾಲೀಕರಿಂದ "ಇಷ್ಟು ವರ್ಷ ಇದ್ದರು, ಬಾಡಿಗೆ ಸರಿಯಾಗಿ ಕೊಟ್ಟರು" ಎಂಬ ಎರಡು ಸಾಲಿನ ಪತ್ರ ಸಿಕ್ಕರೆ ಅದಕ್ಕೆ ದೊಡ್ಡ ಬೆಲೆ.

ಗುರುತಿನ ಚೀಟಿಯ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ, ಅಕ್ಷರಗಳನ್ನು ದಾಟುವಂತೆ "ಬಾಡಿಗೆ ಮನೆಗಾಗಿ ಮಾತ್ರ" ಎಂದೂ ದಿನಾಂಕವನ್ನೂ ಬರೆಯಿರಿ. ನಿಮ್ಮ ಹೆಸರಿನಲ್ಲಿ ಇನ್ಯಾರೋ ಸಾಲ ಎತ್ತುವುದಕ್ಕೆ ಇದು ಸುಲಭದ ತಡೆ. ಮೂಲ ಕಾಗದ ಯಾರ ಕೈಗೂ ಬೇಡ.

ಎಲ್ಲಿ ಹುಡುಕುವುದು

ಎರಡು ದಾರಿಗಳನ್ನು ಒಟ್ಟಿಗೇ ಹಿಡಿಯಿರಿ. ಒಂದು ನಿಧಾನದ್ದು: ಸರ್ಕಾರಿ ವಸತಿ, ನಗರಸಭೆಯ ಮನೆಗಳು, ಸಹಕಾರಿ ಸಂಘ ಅಥವಾ ಸೇವಾಸಂಸ್ಥೆಗಳ ಮನೆಗಳು, ಕೆಲಸದ ಕಡೆಯಿಂದ ಸಿಗುವ ವಸತಿ, ಬಾಡಿಗೆಗೆ ಸಹಾಯಧನ. ವಿಯೆನ್ನಾ ನಗರ 1920ರ ದಶಕದಿಂದ ತಾನೇ ಮನೆ ಕಟ್ಟುತ್ತಾ ಬಂದಿದ್ದು, ಅಲ್ಲಿನ ಸುಮಾರು ಅರ್ಧದಷ್ಟು ಜನ ಇಂದು ನಗರಸಭೆಯ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ಅಷ್ಟು ಮನೆಗಳಿರುವ ನಗರಗಳು ವಿರಳ. ಉಳಿದೆಡೆ ಸರದಿ ವರ್ಷಗಟ್ಟಲೆ ಹಿಡಿಯಬಹುದು. ಆದರೂ ಇವತ್ತೇ ಹೆಸರು ಬರೆಸಿ, ಒಂದಕ್ಕಿಂತ ಹೆಚ್ಚು ಪಟ್ಟಿಗಳಲ್ಲಿ ಬರೆಸಿ. ಅಂಗವಿಕಲರು, ವೃದ್ಧರು, ಒಂಟಿ ತಾಯಿ ಮನೆಯಲ್ಲಿದ್ದರೆ ಅರ್ಜಿಯಲ್ಲಿ ನಮೂದಿಸಿ, ಎಷ್ಟೋ ಕಡೆ ಅವರಿಗೆ ಆದ್ಯತೆ ಇರುತ್ತದೆ.

ಪಟ್ಟಿಯಿಂದ ಹೆಸರು ಬಿದ್ದುಹೋಗುವುದಕ್ಕೆ ಸಾಮಾನ್ಯ ಕಾರಣ ಬಹಳ ಚಿಕ್ಕದು. ಫೋನ್ ನಂಬರೋ ವಿಳಾಸವೋ ಬದಲಾಗಿರುತ್ತದೆ, ಕಚೇರಿಯ ಪತ್ರಕ್ಕೆ ಉತ್ತರ ಹೋಗಿರುವುದಿಲ್ಲ. ಅರ್ಜಿ ಸಂಖ್ಯೆ, ಕೊಟ್ಟ ದಿನಾಂಕ, ಸ್ವೀಕೃತಿ ಮುದ್ರೆಯ ಪ್ರತಿ ಜೋಪಾನವಾಗಿಡಿ. ನಂಬರು ಬದಲಾದ ವಾರದೊಳಗೆ ಬರವಣಿಗೆಯಲ್ಲಿ ತಿಳಿಸಿ, ಆರು ತಿಂಗಳಿಗೊಮ್ಮೆ ವಿಚಾರಿಸಿ.

ಇನ್ನೊಂದು ದಾರಿ ಕಾಲ್ನಡಿಗೆ. ಒಂದೆರಡು ಮನೆ ಮಾತ್ರ ಇರುವ ಸಣ್ಣ ಮಾಲೀಕರು ಜಾಹೀರಾತು ಕೊಡುವುದು ಕಡಿಮೆ, ಬಾಗಿಲಿಗೆ ಬೋರ್ಡು ತಗುಲಿಸಿ ಸುಮ್ಮನಿರುತ್ತಾರೆ. ದೊಡ್ಡ ಬಾಡಿಗೆ ಏರಿಕೆಗಿಂತ ನೆಮ್ಮದಿಯ ಬಾಡಿಗೆದಾರರು ಸಿಕ್ಕರೆ ಸಾಕೆನ್ನುವವರು ಹೆಚ್ಚಾಗಿ ಇವರೇ. ಕೆಲಸದ ಜಾಗದಿಂದ ಅರ್ಧ ಗಂಟೆಯಲ್ಲಿ ತಲುಪಬಹುದಾದ ಪ್ರದೇಶವನ್ನು ಗುರುತಿಸಿ, ದಿನಕ್ಕೆ ನಾಲ್ಕೈದು ಬೀದಿಗಳಂತೆ ನಡೆಯಿರಿ. ಯಾವ ಮನೆ ಖಾಲಿಯಾಗಲಿದೆ ಎಂಬ ಸುದ್ದಿ ಮೊದಲು ಮುಟ್ಟುವುದು ಅಂಚೆಯವರಿಗೆ, ಕಾವಲುಗಾರರಿಗೆ, ಪ್ಲಂಬರು ಮತ್ತು ಎಲೆಕ್ಟ್ರಿಷಿಯನ್‌ಗಳಿಗೆ, ಬಟ್ಟೆ ಇಸ್ತ್ರಿ ಮಾಡುವವರಿಗೆ. ಅವರ ಬಳಿ ನಿಮ್ಮ ನಂಬರು, ಎಷ್ಟು ಜನ, ಎಷ್ಟರೊಳಗೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಮನೆ ಬಿಡುವವರು ತಿಂಗಳ ಮೊದಲ ವಾರದಲ್ಲಿ ತಿಳಿಸಿರುತ್ತಾರಾದ್ದರಿಂದ ತಿಂಗಳ ಎರಡನೆಯ, ಮೂರನೆಯ ವಾರ ಹುಡುಕಾಟಕ್ಕೆ ಹೇಳಿಮಾಡಿಸಿದ ಸಮಯ.

ಎರಡು ಕುಟುಂಬ ಸೇರಿ ಒಂದು ಮನೆ ಹಿಡಿಯುವುದೂ ಉಂಟು. ಕರಾರಿನಲ್ಲಿ ಎರಡೂ ಮನೆಯವರ ಹೆಸರಿರಲಿ, ಯಾರ ಪಾಲು ಎಷ್ಟು, ಒಬ್ಬರು ಹೋದರೆ ಮುಂಗಡ ಹೇಗೆ ಎಂಬುದು ಬರವಣಿಗೆಯಲ್ಲಿರಲಿ. ಜನ ತುಂಬಿಸುವುದಕ್ಕೂ ಮಿತಿ ಇದೆ. ವಾಸದ ಕೋಣೆಯೊಂದಕ್ಕೆ ಮೂವರಿಗಿಂತ ಹೆಚ್ಚಾದರೆ ಅದನ್ನು ವಿಶ್ವಸಂಸ್ಥೆಯ ವಸತಿ ವಿಭಾಗ ಇಕ್ಕಟ್ಟಿನ ಮನೆ ಎಂದು ಪರಿಗಣಿಸುತ್ತದೆ. ಇಕ್ಕಟ್ಟು ಹೆಚ್ಚಿದಷ್ಟೂ ಕ್ಷಯದಂಥ ರೋಗ ಹರಡುವುದು ಸಲೀಸು.

ಮೋಸದ ಗುರುತು

ಸುತ್ತಲಿನ ಬಾಡಿಗೆಗಿಂತ ಮೂರನೇ ಒಂದರಷ್ಟು ಕಡಿಮೆ, ಮಾಲೀಕರು ದೂರದೂರಿನಲ್ಲಿದ್ದಾರಂತೆ, ಕೀಲಿ ಕೊರಿಯರ್‌ನಲ್ಲಿ ಬರುತ್ತದಂತೆ, "ಇನ್ನೂ ಹತ್ತು ಜನ ಕಾಯುತ್ತಿದ್ದಾರೆ, ಈಗಲೇ ಟೋಕನ್ ಹಣ ಹಾಕಿ" ಎಂಬ ಅವಸರ. ಇವುಗಳಲ್ಲಿ ಎರಡು ಕಂಡರೆ ಅಲ್ಲಿಗೇ ನಿಲ್ಲಿಸಿ. ಮನೆಯ ಒಳಗೆ ಕಾಲಿಡದೆ, ಕೊಡುವವರ ಮುಖ ನೋಡದೆ ಒಂದು ಪೈಸೆಯೂ ಹೋಗಬಾರದು. ಮನೆ ತೋರಿಸಿದ್ದಕ್ಕೂ ಮನೆ ಅವರದೇ ಆಗಿರುವುದಕ್ಕೂ ಸಂಬಂಧವಿಲ್ಲ. ಒಂದೇ ಮನೆಯನ್ನು ನಾಲ್ವರಿಗೆ ತೋರಿಸಿ ನಾಲ್ವರಿಂದಲೂ ಮುಂಗಡ ಎತ್ತಿಕೊಂಡು ಹೋಗುವವರಿದ್ದಾರೆ, ತಾವೇ ಬಾಡಿಗೆಗಿದ್ದು ಮಾಲೀಕರೆಂದು ಹೇಳಿಕೊಳ್ಳುವವರೂ ಇದ್ದಾರೆ. ಇತ್ತೀಚಿನ ಆಸ್ತಿ ತೆರಿಗೆ ರಸೀದಿ ಅಥವಾ ಕರೆಂಟು ಬಿಲ್ಲು ಕೇಳಿ, ಅದರಲ್ಲಿರುವ ಹೆಸರನ್ನು ಅವರ ಗುರುತಿನ ಚೀಟಿಯೊಂದಿಗೆ ತಾಳೆ ನೋಡಿ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ಹಣ ಬ್ಯಾಂಕಿನ ಮೂಲಕ, ಅದೇ ಹೆಸರಿನ ಖಾತೆಗೆ ಹೋಗಲಿ.

ಮನೆ ನೋಡುವಾಗ

ಎರಡು ಸಲ ನೋಡಬೇಕು: ಹಗಲಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಮಳೆ ಬಂದ ಮರುದಿನ ನೋಡಲು ಸಿಕ್ಕರೆ ಅದೇ ಅತ್ಯುತ್ತಮ. ಬಕೆಟ್ಟು, ಟಾರ್ಚು, ಮೊಬೈಲ್ ಚಾರ್ಜರು, ಸಾಧ್ಯವಾದರೆ ಒಂದು ಎಲೆಕ್ಟ್ರಿಕ್ ಕೆಟಲ್ ಜೊತೆಗಿರಲಿ.

ನೀರಿನಿಂದ ಶುರುಮಾಡಿ. ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾಲ್ವರಿಗೆ ಕನಿಷ್ಠ 200 ಲೀಟರ್. 10 ಲೀಟರ್ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ತುಂಬಲು ಎಷ್ಟು ಹೊತ್ತು ಎಂದು ನೋಡಿ. ಮೂರು ನಿಮಿಷ ಹಿಡಿದು, ನೀರು ದಿನಕ್ಕೆ ಒಂದೇ ಗಂಟೆ ಬರುವುದಾದರೆ ಸಿಗುವುದು ಇಪ್ಪತ್ತು ಬಕೆಟ್ಟು, ಅಂದರೆ ಸರಿಯಾಗಿ 200 ಲೀಟರ್. ಅದಕ್ಕಿಂತ ನಿಧಾನವಾದರೆ ಕೊರತೆ ಬಿತ್ತು ಎಂದೇ ಅರ್ಥ. ನೀರು ಯಾವ ಹೊತ್ತಿಗೆ ಬರುತ್ತದೆ, ಬೇಸಿಗೆಯಲ್ಲಿ ಏನಾಗುತ್ತದೆ ಎಂಬುದನ್ನು ಅಕ್ಕಪಕ್ಕದ ಬಾಡಿಗೆದಾರರನ್ನೇ ಕೇಳಿ. ಶೌಚಾಲಯಕ್ಕೆ ಒಂದು ಬಕೆಟ್ ನೀರು ಒಮ್ಮೆಲೇ ಸುರಿಯಿರಿ. ನೀರು ಮೇಲಕ್ಕೆದ್ದು ನಿಧಾನಕ್ಕೆ ಇಳಿದರೆ ಕೊಳವೆ ಕಟ್ಟಿದೆ.

ಆಮೇಲೆ ಗೋಡೆ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಅನುಮಾನಪಡಿ. ನೆಲದ ತೇವ ಗೋಡೆಯಲ್ಲಿ ಏರುವುದು ಹೆಚ್ಚಾಗಿ ಅಷ್ಟೇ ಎತ್ತರ. ಬಿಳಿಯ ಉಪ್ಪು ಹೂವು, ಉಬ್ಬಿದ ಬಣ್ಣ, ತಟ್ಟಿದರೆ ಟೊಳ್ಳು ಸದ್ದು, ಮುಚ್ಚಿಟ್ಟ ಕಪಾಟು ತೆರೆದಾಗ ಮುಗ್ಗಲು ವಾಸನೆ, ಎಲ್ಲವೂ ಅದನ್ನೇ ಹೇಳುತ್ತವೆ. ಛಾವಣಿಯ ಮೂಲೆಯಲ್ಲಿ ಕಂದು ಕಲೆ ಇದ್ದರೆ ಮೇಲಿನಿಂದ ಸೋರಿಕೆ. ತೇವದ ಗೋಡೆಯಲ್ಲಿ ಬೂಷ್ಟು ಬೆಳೆದು ಮಕ್ಕಳಿಗೆ, ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಬಾಡಿಗೆಯಲ್ಲಿ ಉಳಿದದ್ದು ಆಸ್ಪತ್ರೆಗೆ ಹೋಗುತ್ತದೆ. ಎದುರುಬದುರಾಗಿ ಎರಡು ಕಿಟಕಿ ಇದ್ದು ಗಾಳಿ ಹಾಯುತ್ತಿದ್ದರೆ ಸಣ್ಣ ತೇವವನ್ನು ಸಹಿಸಬಹುದು. ಒಂದೇ ಕಿಟಕಿಯ ಮನೆಯಲ್ಲಿ ಅದು ಹೋಗುವುದೇ ಇಲ್ಲ.

ಕರೆಂಟಿನಲ್ಲಿ ನೋಡಬೇಕಾದ್ದು ಎರಡು. ಮೊದಲನೆಯದು ಮೀಟರ್. ಮನೆಯ ಎಲ್ಲ ಸ್ವಿಚ್ಚು ಆರಿಸಿ ಮೀಟರಿನ ಕೆಂಪು ದೀಪ ನೋಡಿ. ಹತ್ತು ನಿಮಿಷ ಕಳೆದರೂ ಮಿಣುಕುತ್ತಲೇ ಇದ್ದರೆ ನಿಮ್ಮ ಮೀಟರಿನಿಂದ ಇನ್ಯಾರಿಗೋ ಕರೆಂಟು ಹೋಗುತ್ತಿದೆ ಅಥವಾ ಎಲ್ಲೋ ಸೋರಿಕೆ ಇದೆ. ಮಾಲೀಕರು ಹಾಕಿಸಿದ ಸಬ್ ಮೀಟರಾದರೆ ಅದು ಸರಿಯಾಗಿ ಓಡುತ್ತದೆಯೇ ಎಂದೂ ಪರೀಕ್ಷಿಸಬಹುದು. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. 3200 ಎಂದಿದ್ದರೆ, 1500 ವ್ಯಾಟಿನ ಕೆಟಲ್ ಒಂದನ್ನೇ ಹಾಕಿದಾಗ ನಿಮಿಷಕ್ಕೆ 80 ಮಿಣುಕು ಬರಬೇಕು. ವೋಲ್ಟೇಜ್ ಏರಿಳಿತದಿಂದ ಐದಾರು ಆಚೀಚೆ ಆಗಬಹುದು. 100 ಬಂದರೆ ಮೀಟರ್ ವೇಗವಾಗಿ ಓಡುತ್ತಿದೆ, ಪ್ರತಿ ತಿಂಗಳೂ ಕಾಲು ಭಾಗ ಹೆಚ್ಚು ಕಟ್ಟುತ್ತೀರಿ. ಯೂನಿಟ್ ದರ ಎಷ್ಟು ಎಂಬುದನ್ನೂ ಮೂಲ ಬಿಲ್ಲಿನೊಂದಿಗೆ ಹೋಲಿಸಿ ಕೇಳಿ. ಎರಡನೆಯದು ಸುರಕ್ಷತೆ: ಕಪ್ಪಾದ ಅಥವಾ ಬಿಸಿಯಾಗುವ ಸಾಕೆಟ್, ಬರಿ ತಂತಿ, ಸ್ನಾನದ ಮನೆಯಲ್ಲಿ ಮುಟ್ಟಿದರೆ ಚುರುಕು ಹೊಡೆಯುವ ನಲ್ಲಿ. ಈ ಕೊನೆಯದು ಕಂಡರೆ ದುರಸ್ತಿಯಾಗುವವರೆಗೆ ಆ ಮನೆಗೆ ಹೋಗಲೇಬೇಡಿ.

ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇದ್ದು ಹೊಗೆ ಹೊರಹೋಗುವ ಕೊಳವೆ ಇಲ್ಲದಿದ್ದರೆ ಅದು ಪ್ರಾಣಾಪಾಯ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬಂತು ಎನ್ನುವಷ್ಟರಲ್ಲಿ ಪ್ರಜ್ಞೆ ಹೋಗುತ್ತದೆ. ಗೀಸರನ್ನು ಹೊರಗೆ ಹಾಕಿಸಿಕೊಡುವವರೆಗೆ ಅದನ್ನು ಹಚ್ಚಬೇಡಿ.

ಹಾಸಿಗೆ ಇಡುವ ಕಡೆಯ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಗಳಿಗೆ ಟಾರ್ಚು ಬಿಡಿ. ಕಪ್ಪು ಚುಕ್ಕೆಗಳ ಸಾಲು ಕಂಡರೆ ತಿಗಣೆ. ಕಿಟಕಿಗೆ ಕಂಬಿ ಹಾಕಿ ಒಂದೇ ಬಾಗಿಲಿರುವ ಮನೆಯಾದರೆ ಬೆಂಕಿ ಬಿದ್ದಾಗ ಹೊರಬರುವುದು ಹೇಗೆಂದು ಯೋಚಿಸಿ. ರಾತ್ರಿ ಬಂದಾಗ ಬೀದಿ ದೀಪ ಉರಿಯುತ್ತದೆಯೇ, ಮನೆಯ ಹೆಣ್ಣುಮಕ್ಕಳು ತಡವಾಗಿ ಬಂದರೆ ದಾರಿ ಹೇಗಿದೆ ಎಂದು ನಡೆದು ನೋಡಿ.

ಚೌಕಾಸಿ

ಕಾಲು ಹಿಡಿಯಬೇಕಿಲ್ಲ, ಲೆಕ್ಕ ಹೇಳಿದರೆ ಸಾಕು. ಬಾಡಿಗೆ 30 ಕೇಳುತ್ತಿದ್ದಾರೆ, ನೀವು 28 ಎನ್ನುತ್ತೀರಿ. ವರ್ಷಕ್ಕೆ ಅವರಿಗೆ ಕಡಿಮೆಯಾಗುವುದು 24. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 30. "ಇದೇ ವಾರ ಬರುತ್ತೇವೆ, ಕಾಗದ ಸಿದ್ಧವಿದೆ, ಎರಡು ವರ್ಷ ಇರುತ್ತೇವೆ" ಎನ್ನುವುದೇ ನಿಮ್ಮ ಬಲ. ಬಾಡಿಗೆ ಇಳಿಸಲು ಒಪ್ಪದಿದ್ದರೆ ಬೇರೆಡೆ ಕೇಳಿ: ಮುಂಗಡ ಕಂತಿನಲ್ಲಿ, ಏರಿಕೆ ಶೇ. 5ರೊಳಗೆ, ಬಾಡಿಗೆ ದಿನ ಸಂಬಳ ಬಂದ ಮೂರು ದಿನಕ್ಕೆ. ಬಾಡಿಗೆ ದಿನ ಸಂಬಳಕ್ಕಿಂತ ಮುಂಚೆ ಬಿದ್ದರೆ ತಿಂಗಳು ತಿಂಗಳೂ ಕೈಸಾಲವೇ ಗತಿ.

ಕರಾರು ಮತ್ತು ಕೀಲಿಕೈ

ಬಾಯಿಮಾತಿನ ಮನೆ ಬಾಯಿಮಾತಿನಲ್ಲೇ ಹೋಗುತ್ತದೆ. ಕರಾರು ಪತ್ರದಲ್ಲಿ ಬಾಡಿಗೆ, ಕಟ್ಟುವ ದಿನ, ಏರಿಕೆಯ ಪ್ರಮಾಣ, ಮುಂಗಡದ ಮೊತ್ತ, ಮನೆ ಬಿಟ್ಟ ಎಷ್ಟು ದಿನದೊಳಗೆ ಅದು ವಾಪಸ್, ಯಾವ ದುರಸ್ತಿ ಯಾರದು, ಮನೆ ಬಿಡಲು ಎರಡೂ ಕಡೆಯವರು ಎಷ್ಟು ದಿನ ಮೊದಲು ಹೇಳಬೇಕು ಎಂಬುದಿರಲಿ. ಖಾಲಿ ಬಿಟ್ಟ ಜಾಗಗಳಿದ್ದರೆ ಗೆರೆ ಎಳೆದ ಮೇಲೆಯೇ ಸಹಿ. "ಬಿಡುವಾಗ ಬಣ್ಣದ ಖರ್ಚು ಕಡಿತ" ಎಂಬ ಸಾಲಿಗೆ ಮೊತ್ತ ಬರೆಸಿ, ಇಲ್ಲದಿದ್ದರೆ ಮುಂಗಡದ ಅರ್ಧ ಅಲ್ಲೇ ಕರಗುತ್ತದೆ. ಓದಲು ಬಾರದವರು ನಂಬಿಕೆಯ ಒಬ್ಬರಿಂದ ಪೂರ್ತಿ ಓದಿಸಿ ಕೇಳಿ. ಸಹಿಯಾದ ಒಂದು ಪ್ರತಿ ನಿಮ್ಮ ಬಳಿಯೇ ಇರಬೇಕು.

ಸಾಮಾನು ಇಳಿಸುವ ಮೊದಲು, ಮನೆ ಖಾಲಿ ಇರುವಾಗಲೇ, ಬಾಗಿಲಿನಿಂದ ಶುರುಮಾಡಿ ಪ್ರತಿ ಗೋಡೆ, ನೆಲ, ನಲ್ಲಿ, ಕಿಟಕಿ ಗಾಜು, ಬಿರುಕುಗಳ ಫೋಟೋ ತೆಗೆಯಿರಿ. ಮೀಟರಿನ ಅಂಕಿ ಕಾಣುವಂತೆ ಒಂದು ಫೋಟೋ ಇರಲಿ. ಅವನ್ನೆಲ್ಲ ಆ ದಿನವೇ ಮಾಲೀಕರಿಗೆ ಕಳಿಸಿ. ಕಳಿಸಿದ ದಿನಾಂಕವೇ ಸಾಕ್ಷಿ. ಹಳೆಯ ಬಿಲ್ಲು ಬಾಕಿ ಇದ್ದರೆ ಅದು ನಿಮ್ಮ ತಲೆಗೆ ಬರದಂತೆ ಕೊನೆಯ ಪಾವತಿ ರಸೀದಿ ಕೇಳಿ ಪಡೆಯಿರಿ. ಹಿಂದೆ ಇದ್ದವರ ಬಳಿ ಕೀಲಿ ಉಳಿದಿರಬಹುದು, ಮಾಲೀಕರನ್ನು ಕೇಳಿ ಬೀಗ ಬದಲಿಸಿ.

ಬಾಡಿಗೆಯನ್ನು ಕೈಯಲ್ಲಿ ಕೊಟ್ಟರೆ ರಸೀದಿ ಕೇಳಿ. ಕೊಡಲು ಹಿಂಜರಿದರೆ "ಇಂಥ ತಿಂಗಳ ಬಾಡಿಗೆ ಇಷ್ಟು ತಲುಪಿದೆಯೇ" ಎಂದು ಮೆಸೇಜ್ ಹಾಕಿ ಅವರಿಂದ "ಹೌದು" ಬರಿಸಿಕೊಳ್ಳಿ. ಯಾವುದೋ ತಿಂಗಳು ಬಾಡಿಗೆ ತಡವಾಗುವುದು ಖಚಿತವಾದರೆ ದಿನ ಮೀರಿದ ಮೇಲೆ ತಲೆ ತಪ್ಪಿಸಿಕೊಳ್ಳಬೇಡಿ. ನಾಲ್ಕು ದಿನ ಮೊದಲೇ ಹೋಗಿ, ಈಗ ಎಷ್ಟು, ಮಿಕ್ಕದ್ದು ಯಾವ ದಿನ ಎಂದು ಬರೆದು ಕೊಡಿ. ನೋಟಿಸು ಇಲ್ಲದೆ ಸಾಮಾನು ಹೊರಗೆ ಹಾಕುವುದು, ಬೀಗ ಜಡಿಯುವುದು, ನೀರು ಕರೆಂಟು ಕಡಿಯುವುದು ಬಹುತೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಹಾಗಾದರೆ ಫೋಟೋ ತೆಗೆದು, ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಅದೇ ದಿನ ಹೋಗಿ. ಕರಾರಿನ ಪ್ರತಿ, ರಸೀದಿಗಳು, ಮೊದಲ ದಿನದ ಫೋಟೋಗಳು ಒಂದೇ ಕವರಿನಲ್ಲಿದ್ದರೆ ಅಲ್ಲಿ ಮಾತು ಬೇಗ ಮುಂದಕ್ಕೆ ಹೋಗುತ್ತದೆ.